ಹೇಳುವ ಬಾಯಿ, ಕೇಳುವ ಕಿವಿ

ನಮ್ಮ ಕಡೆ ದಾರಿಯಲ್ಲಿ ಎದುರಾದವರನ್ನು ಮೊದಲು ಕೇಳುವ ಮಾತು "ಊಟ ಆಯ್ತಾ?" ಅಂತ. ಮುದ್ದೆ ಉಂಡೆಯಾ, ಸಾರು ಏನು, ಹಸಿವು ಚೆನ್ನಾಗಿದೆಯಾ ಅಂತ ಬಾಯಿಗೆ ಹೋಗುವುದರ ಬಗ್ಗೆ ಎಷ್ಟು ಬೇಕಾದರೂ ವಿಚಾರಿಸುತ್ತೇವೆ. ಹೊಟ್ಟೆಯಿಂದ ಹೊರಗೆ ಹೋಗುವ ವಿಷಯ ಬಂದರೆ ಮಾತ್ರ ಮಾತು ನಿಂತುಬಿಡುತ್ತದೆ. ಅದರ ಹೆಸರನ್ನೂ ನೇರವಾಗಿ ಹೇಳುವುದಿಲ್ಲ. "ಚೊಂಬು ತಗೊಂಡು ಹೋದ", "ಕೆರೆ ಕಡೆ ಹೋದ", "ಹೊರಗಡೆ ಹೋಗ್ಯವ್ನೆ" ಅಂತೀವಿ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮಗೆ ಎರಡು ಭಾಷೆ ಗೊತ್ತು. ಎರಡರಲ್ಲೂ ಈ ವಿಷಯಕ್ಕೆ ಮುಸುಕು ಹಾಕಿದ ಮಾತೇ ಇರುವುದು.

ಮುಸುಕೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಾಚಿಕೆ ಮನುಷ್ಯನಿಗೆ ಬೇಕಾದ ಗುಣ. ಅದಿಲ್ಲದಿದ್ದರೆ ಒಂದೇ ಗೋಡೆಯ ಎರಡು ಪಕ್ಕ ಬಾಳುವ ನಾವು ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟ. ಆದರೆ ನಾಚಿಕೆಯಿಂದ ಸುಮ್ಮನಿದ್ದದ್ದಕ್ಕೆ ಜೀವವೇ ಹೋಗುವುದಾದರೆ, ಆ ನಾಚಿಕೆಯನ್ನು ಮರ್ಯಾದೆ ಅನ್ನಬೇಕೋ ಇನ್ನೇನಾದರೂ ಅನ್ನಬೇಕೋ? ದೊಡ್ಡ ಕರುಳಿನ ಕ್ಯಾನ್ಸರ್ ನಮ್ಮ ಮುಂದೆ ಇಡುವ ಪ್ರಶ್ನೆ ಇದು.

ಒಂದು ವಿಷಯ ಗಮನಿಸಿ. ಮಲ ಅನ್ನುವುದೇ ನೋಡಬಾರದ, ಆಡಬಾರದ ವಸ್ತು ಅಂತ ನಾವು ನಿಜವಾಗಿ ನಂಬಿದ್ದೀವಾ? ಬೆಳಿಗ್ಗೆ ಕೊಟ್ಟಿಗೆಗೆ ಹೋದ ರೈತ ಮೊದಲು ನೋಡುವುದು ಸಗಣಿಯನ್ನು. ತೆಳ್ಳಗಿದ್ದರೆ ಮೇವು ಸರಿಯಿಲ್ಲ ಅಂತಾನೆ. ಕರು ರಕ್ತ ಬೆರೆತ ಸಗಣಿ ಹಾಕಿದರೆ ಆ ಹೊತ್ತೇ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗ್ತಾನೆ. ಕಲ್ಯಾಣದುರ್ಗ, ಕುಂದುರ್ಪಿ ಕಡೆ ಕುರಿ ಮೇಯಿಸುವವರು ಹಿಕ್ಕೆ ನೋಡಿಯೇ ಯಾವ ಕುರಿಗೆ ಏನಾಗಿದೆ ಅಂತ ಹೇಳ್ತಾರೆ. ಬಾಣಂತಿಯ ತಾಯಿ ಮೊಮ್ಮಗುವಿನ ಬಟ್ಟೆ ಬದಲಿಸುವಾಗ ಹಸಿರಾಗಿದೆಯಾ, ಹಳದಿಯಾಗಿದೆಯಾ ಅಂತ ನೋಡಿ, ನೆರೆಮನೆಯವಳಿಗೂ ಹೇಳ್ತಾಳೆ. ಅಲ್ಲಿ ಯಾರಿಗೂ ನಾಚಿಕೆಯಿಲ್ಲ. ಹಾಗಾದರೆ ನಾಚಿಕೆ ಇರುವುದು ಆ ವಸ್ತುವಿನಲ್ಲಿ ಅಲ್ಲ. ದೊಡ್ಡವನಾದ ಮನುಷ್ಯ "ನನ್ನ ದೇಹ ನನ್ನ ಹಿಡಿತದಲ್ಲಿಲ್ಲ" ಅಂತ ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದರಲ್ಲಿ ಇದೆ.

ಈಗ ಕಾಯಿಲೆಯ ವಿಷಯ ನೇರವಾಗಿ ಹೇಳುತ್ತೇನೆ. ದೊಡ್ಡ ಕರುಳಿನ ಒಳಗೋಡೆಯಲ್ಲಿ ವಯಸ್ಸಾದಂತೆ ಕೆಲವರಿಗೆ ನರುಳ್ಳೆಯಂಥ ಸಣ್ಣ ಗಂಟುಗಳು ಏಳುತ್ತವೆ. ವೈದ್ಯರು ಪಾಲಿಪ್ ಅಂತಾರೆ. ಹೆಚ್ಚಿನವು ಏನೂ ಮಾಡುವುದಿಲ್ಲ. ಕೆಲವು ಮಾತ್ರ ನಿಧಾನವಾಗಿ ಬೆಳೆದು ಕ್ಯಾನ್ಸರ್ ಆಗುತ್ತವೆ. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಅಷ್ಟು ವರ್ಷವೂ ನೋವಿಲ್ಲ, ಜ್ವರವಿಲ್ಲ. ಆಗಾಗ ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿ ಬೆರೆತು ಹೋಗುತ್ತಿರುತ್ತದೆ. ಮಲದ ಸ್ವಲ್ಪ ಭಾಗವನ್ನು ಕಡ್ಡಿಯಲ್ಲಿ ತೆಗೆದು ಡಬ್ಬಿಗೆ ಹಾಕಿಕೊಟ್ಟರೆ ಆ ರಕ್ತವನ್ನು ಪ್ರಯೋಗಾಲಯ ಪತ್ತೆ ಮಾಡುತ್ತದೆ. ರಕ್ತ ಕಂಡವರಿಗೆ ಮಾತ್ರ ಬಾಗುವ ಕೊಳವೆಯ ತುದಿಯ ಕ್ಯಾಮೆರಾದಿಂದ ಕರುಳಿನ ಒಳಗೆ ನೋಡುತ್ತಾರೆ. 1969ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್, ಹಿರೋಮಿ ಶಿನ್ಯಾ ಎಂಬ ಇಬ್ಬರು ವೈದ್ಯರು ಹೊಟ್ಟೆ ಕೊಯ್ಯದೆ ಅದೇ ಕೊಳವೆಯಿಂದ ಗಂಟನ್ನು ಕತ್ತರಿಸಿ ತೆಗೆಯುವುದನ್ನು ತೋರಿಸಿಕೊಟ್ಟರು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತ ನಮ್ಮ ಹಿರಿಯರು ಹೇಳುವುದು ಇಂಥದ್ದಕ್ಕೇ.

ಇದರಿಂದ ಲಾಭ ಉಂಟೋ ಅಂದರೆ, ಉಂಟು. ಅಮೆರಿಕದ ಮಿನ್ನೆಸೋಟಾದಲ್ಲಿ 46 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ಕಾಯಿಲೆ ಕರುಳಿನ ಒಳಗೇ ಇರುವಾಗ ಸಿಕ್ಕಿದರೆ, ಅಲ್ಲಿನ ಲೆಕ್ಕದಂತೆ, ನೂರರಲ್ಲಿ ಸುಮಾರು ತೊಂಬತ್ತು ಮಂದಿ ಐದು ವರ್ಷದ ಮೇಲೂ ಬದುಕಿರುತ್ತಾರೆ. ಈಲಿಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಸಿಕ್ಕಿದರೆ ಆ ತೊಂಬತ್ತು ಹದಿನೈದರ ಆಸುಪಾಸಿಗೆ ಇಳಿಯುತ್ತದೆ. ಕಾಯಿಲೆ ಅದೇ, ವ್ಯತ್ಯಾಸವೆಲ್ಲ ಸಿಕ್ಕಿದ ಹೊತ್ತಿನದು.

ಇಷ್ಟು ಕೇಳಿದ ಮೇಲೂ ನಮ್ಮ ಜಗಲಿಯ ಮೇಲೆ ಕೂತ ಹಿರಿಯರೊಬ್ಬರು ಹೀಗೆ ಅನ್ನಬಹುದು: "ಮೇಷ್ಟ್ರೇ, ನಾನು ಚೆನ್ನಾಗಿದ್ದೀನಿ. ಚೆನ್ನಾಗಿರೋನು ಹೋಗಿ ಕಾಯಿಲೆ ಹುಡುಕ್ಕೊಂಡು ಬರೋದು ಎಲ್ಲಿಯ ನ್ಯಾಯ? ಎಪ್ಪತ್ತೆಂಟು ಆಯ್ತು. ಬರೋದು ಬರಲಿ ಬಿಡಿ." ಇದನ್ನು ಮೂಢತನ ಅಂತ ತಳ್ಳಿಹಾಕುವ ಹಾಗಿಲ್ಲ. ಪರೀಕ್ಷೆಗೂ ಅದರದೇ ಕಷ್ಟವಿದೆ. ಏನೂ ಇಲ್ಲದವರಿಗೂ ಒಮ್ಮೊಮ್ಮೆ "ಇದೆ" ಅಂತ ಬರುತ್ತದೆ. ವಾರಗಟ್ಟಲೆ ನಿದ್ದೆ ಕೆಡುತ್ತದೆ. ಕೊಳವೆ ಹಾಕುವಾಗ ಅಪರೂಪಕ್ಕೆ ಕರುಳಿಗೆ ಗಾಯವಾಗುವುದೂ ಉಂಟು. ಅದಕ್ಕೇ ಇಂಗ್ಲೆಂಡಿನಲ್ಲಿ 74 ದಾಟಿದವರಿಗೆ ಪರೀಕ್ಷೆಯ ಡಬ್ಬಿ ತಾನಾಗಿ ಮನೆಗೆ ಬರುವುದಿಲ್ಲ. ಅಮೆರಿಕದಲ್ಲೂ 75ರ ನಂತರ ಎಲ್ಲರಿಗೂ ಮಾಡಿಸಿ ಅನ್ನುವುದಿಲ್ಲ. ಅಂದರೆ ಆ ಅಜ್ಜ ತನ್ನ ಮಟ್ಟಿಗೆ ಹೇಳಿದ್ದು ಸರಿಯೇ. ಹತ್ತು ವರ್ಷದ ಮೇಲೆ ಬರಬಹುದಾದ ಕಾಯಿಲೆಯನ್ನು ಈಗ ಹುಡುಕದೆ ನೆಮ್ಮದಿಯಾಗಿರುವ ಹಕ್ಕು ಅವರಿಗಿದೆ.

ಆದರೆ ಅದೇ ಮಾತನ್ನು ನಲವತ್ತೆಂಟರ ಮಗ ಅಪ್ಪನಿಂದ ಎರವಲು ತಂದು ಹೇಳಿದರೆ ಒಪ್ಪುವುದು ಕಷ್ಟ. ಅವನಿಗೆ ಬೋರ್‌ವೆಲ್ಲಿನ ಸಾಲವಿದೆ, ಓದುವ ಮಗನಿದ್ದಾನೆ, ಮದುವೆಗೆ ಬಂದ ಮಗಳಿದ್ದಾಳೆ. ಅವನು ತಿಳಿದುಕೊಳ್ಳದೆ ಇದ್ದದ್ದಕ್ಕೆ ಬೆಲೆ ಕೊಡುವವರು ಅವರು. ನನ್ನ ದೇಹ ನನ್ನದು ಅನ್ನುವುದು ನಿಜ. ಆದರೆ ಒಬ್ಬನ ರಟ್ಟೆಯ ಮೇಲೆ ಒಂದು ಮನೆ ನಿಂತಿರುವಾಗ ಆ ದೇಹದ ಲೆಕ್ಕ ಅವನೊಬ್ಬನ ಪುಸ್ತಕದಲ್ಲಿ ಮುಗಿಯುವುದಿಲ್ಲ.

ಇದಕ್ಕಿಂತ ಕಠಿಣವಾದ ಇನ್ನೊಂದು ಸಂಗತಿ ಇದೆ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದರೆ ನಮ್ಮಲ್ಲಿ ಮುಚ್ಚಿಡುತ್ತಾರೆ. "ಹೊಟ್ಟೆ ಆಪರೇಷನ್" ಅಂತಾರೆ, "ಅಲ್ಸರ್" ಅಂತಾರೆ. ಯಾಕೆ? "ಆ ಮನೇಲಿ ಕ್ಯಾನ್ಸರ್ ಐತಂತೆ" ಅಂತ ಮಾತು ಹರಡಿದರೆ ಹೆಣ್ಣು ಕೇಳಲು ಯಾರೂ ಬರುವುದಿಲ್ಲ ಅನ್ನುವ ಭಯ. ಆ ಭಯ ಸುಳ್ಳಲ್ಲ. ಗಂಡಿನ ಕಡೆಯವರು ಊರೆಲ್ಲ ವಿಚಾರಿಸಿಯೇ ಬರುವುದು. ಆದರೆ ವೈದ್ಯರು ಹೇಳುವುದೇನು? ಈ ಕ್ಯಾನ್ಸರ್ ಬಹುಪಾಲು ವಂಶದಿಂದ ಬರುವುದಲ್ಲ. ಹಾಗಿದ್ದರೂ ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಬಂದಿದ್ದರೆ ಉಳಿದವರಿಗೆ ಬರುವ ಸಾಧ್ಯತೆ ಸುಮಾರು ಎರಡರಷ್ಟಾಗುತ್ತದೆ. ಅಂಥ ಮಕ್ಕಳು ಉಳಿದವರಿಗಿಂತ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಪ್ಪನಿಗೆ ಏನಾಗಿತ್ತು ಅಂತ ಮಗಳಿಗೇ ಗೊತ್ತಿಲ್ಲದಿದ್ದರೆ ಅವಳು ಮುಂದೆ ವೈದ್ಯರಿಗೆ ಏನು ಹೇಳಿಯಾಳು? ಮಗಳ ಮದುವೆಗಾಗಿ ಮುಚ್ಚಿಟ್ಟ ಗುಟ್ಟು ಮಗಳ ಜೀವಕ್ಕೇ ಕುತ್ತಾಗಬಹುದು. ಊರಿಗೆಲ್ಲ ಸಾರಬೇಕಾಗಿಲ್ಲ. ಮಕ್ಕಳಿಗೆ ಮಾತ್ರ ಹೇಳಲೇಬೇಕು. ಇದರಲ್ಲಿ ಎರಡು ಮಾತಿಲ್ಲ ಅಂತ ನನ್ನ ಅಭಿಪ್ರಾಯ.

ಇಲ್ಲಿಯವರೆಗೆ ಹೇಳದೆ ಇರುವವರ ಕಡೆಯಿಂದ ನೋಡಿದೆವು. "ನಮ್ಮ ಜನಕ್ಕೆ ತಿಳುವಳಿಕೆ ಇಲ್ಲ, ಅದಕ್ಕೇ ಮುಚ್ಚಿಡ್ತಾರೆ" ಅಂತ ಓದಿದವರು ಇಲ್ಲಿಗೇ ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪು ಅರ್ಧ ಮಾತ್ರ ನಿಜ. ಇಂಗ್ಲೆಂಡಿನಲ್ಲಿ 2006ರಿಂದ ಸರ್ಕಾರವೇ ಈ ಡಬ್ಬಿಯನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತಿದೆ. ಖರ್ಚಿಲ್ಲ, ಬಸ್ಸು ಹತ್ತಬೇಕಾಗಿಲ್ಲ. ಆದರೂ ಸುಮಾರು ಮೂರರಲ್ಲಿ ಒಬ್ಬರು ಡಬ್ಬಿಯನ್ನು ತಿರುಗಿ ಕಳಿಸುವುದಿಲ್ಲ. ಮೊದಲು ಮೂರು ಸಲದ ಮಲ ಕೊಡಬೇಕಿತ್ತು. 2019ರಲ್ಲಿ ಒಂದೇ ಸಲ ಕೊಟ್ಟರೆ ಸಾಕು ಅನ್ನುವ ಹೊಸ ಪರೀಕ್ಷೆ ತಂದಾಗ ಕೊಡುವವರ ಸಂಖ್ಯೆ ಏರಿತು. ಜನರಿಗೆ ಬುದ್ಧಿ ಹೇಳಿದ್ದಕ್ಕಿಂತ ಅವರ ಕಷ್ಟ ಕಡಿಮೆ ಮಾಡಿದ್ದು ಕೆಲಸಕ್ಕೆ ಬಂತು.

ನಮ್ಮ ಪಕ್ಕದಲ್ಲೇ ನಡೆದ ಇನ್ನೂ ಹಳೆಯ ಸಾಕ್ಷಿ ಒಂದಿದೆ. ಅದು ಕ್ಷಯದ ವಿಷಯ. ಆ ಕಾಲಕ್ಕೆ ಈಗಿನ ಕ್ಯಾನ್ಸರಿನಷ್ಟೇ ಮುಚ್ಚಿಡುತ್ತಿದ್ದ ಕಾಯಿಲೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅದರ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ನಮ್ಮ ಸೀಮೆಯ ನಡುವೆ ಸಿಕ್ಕಿಕೊಂಡ ಹಾಗಿರುವ ಪಾವಗಡ ಆ ಜಿಲ್ಲೆಯದೇ. ಸಮೀಕ್ಷೆಯಲ್ಲಿ ಕ್ಷಯ ಕಂಡವರನ್ನು ಮಾತಾಡಿಸಿ, ನಿಮಗೆ ಏನಾಗುತ್ತಿದೆ ಅಂತ ಗೊತ್ತಿತ್ತಾ, ಏನು ಮಾಡಿದಿರಿ ಅಂತ ಕೇಳಿದರು. 1963ರಲ್ಲಿ ಪ್ರಕಟವಾದ ಅದರ ಫಲ ದೊಡ್ಡ ದೊಡ್ಡವರ ಕಣ್ಣು ತೆರೆಸಿತು. ಬಹುಪಾಲು ಮಂದಿಗೆ ತಮ್ಮ ದೇಹದಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೆಮ್ಮಿನ ಔಷಧಿಯ ಬಾಟಲಿ! ಜನ ಬಾಯಿ ಬಿಟ್ಟು ಹೇಳಿದ್ದರು. ಕೇಳಬೇಕಾದ ಕಿವಿ ಇರಲಿಲ್ಲ. ದೇಶದ ಕ್ಷಯ ನಿಯಂತ್ರಣವನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮಾಡುವ ಹಾಗೆ ರೂಪಿಸಿದ್ದರಲ್ಲಿ ಇಂಥ ಅಧ್ಯಯನಗಳ ಪಾಲಿದೆ. ಇವತ್ತು ಯಾರಾದರೂ ಡಬ್ಬಿಯಲ್ಲಿ ಕಫ ಹಿಡಿದುಕೊಂಡು ಆಸ್ಪತ್ರೆಗೆ ಹೋದರೆ ಯಾರೂ ನಗುವುದಿಲ್ಲ.

ಈಗ ನಮ್ಮೂರಿನಲ್ಲಿ ಒಬ್ಬನು ಧೈರ್ಯ ಮಾಡಿ "ರಕ್ತ ಹೋಗ್ತೈತೆ" ಅಂದ ಅಂತ ಇಟ್ಟುಕೊಳ್ಳಿ. ಅವನಿಗೆ ಏನು ಉತ್ತರ ಸಿಗುತ್ತದೆ? ಮನೆಯಲ್ಲಿ "ಉಷ್ಣ ಆಗೈತೆ, ಮಜ್ಜಿಗೆ ಕುಡಿ, ಕಾಮಕಸ್ತೂರಿ ಬೀಜ ನೆನೆಸಿ ಕುಡಿ" ಅಂತಾರೆ. ಗೆಳೆಯನಿಗೆ ಹೇಳಿದರೆ ನಗ್ತಾನೆ. ಔಷಧಿ ಅಂಗಡಿಯಲ್ಲಿ ಕೇಳಿದರೆ ಮೂಲವ್ಯಾಧಿಯ ಮುಲಾಮು ಕೊಡ್ತಾರೆ. ಊರೂರಿನ ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ "ಪೈಲ್ಸ್, ಫಿಶರ್, ಫಿಸ್ಟುಲಾ, ಆಪರೇಷನ್ ಇಲ್ಲದೆ ಗುಣ" ಅಂತ ತೆಲುಗಿನಲ್ಲೂ ಕನ್ನಡದಲ್ಲೂ ಬರೆದಿರುತ್ತದೆ. ನಾಚಿಕೆಪಡುವವನಿಗೆ ಆ ಗೋಡೆಯೇ ವೈದ್ಯ. ಅದು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲವಲ್ಲ. ಹೆಚ್ಚಿನ ಸಲ ಅದು ನಿಜವಾಗಿಯೂ ಮೂಲವ್ಯಾಧಿಯೇ ಆಗಿರುತ್ತದೆ. ರಕ್ತ ಕಂಡ ಕೂಡಲೇ ಕ್ಯಾನ್ಸರ್ ಅಂತ ಹೆದರಬೇಕಾಗಿಲ್ಲ. ಆದರೆ ಹೆಚ್ಚಿನ ಸಲ ಅಲ್ಲ ಅನ್ನುವುದು ಯಾವತ್ತೂ ಅಲ್ಲ ಅಂತ ಆಗುವುದಿಲ್ಲ. ನೋಡದೆ ಹೇಳಿದ "ಏನಿಲ್ಲ ಬಿಡು" ಅನ್ನುವ ಮಾತು ತುಮಕೂರಿನ ಆ ಕೆಮ್ಮಿನ ಬಾಟಲಿಗೆ ಸಮ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಅವಳಿಗೆ ಸುಸ್ತು ಅಂದರೆ ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಾರೆ. ರಕ್ತ ಕಡಿಮೆಯಾಗಿದ್ದು ಎಲ್ಲಿ ಹೋಗಿ ಅಂತ ಕೇಳುವವರು ಕಡಿಮೆ. ಗಂಡಸು ಡಾಕ್ಟರ ಮುಂದೆ ಅವಳು ಹೇಳುವುದಿಲ್ಲ, ಅತ್ತೆಗೆ ಹೇಳುವುದಿಲ್ಲ, ಎಷ್ಟೋ ಸಲ ಗಂಡನಿಗೂ ಹೇಳುವುದಿಲ್ಲ. ಇದರ ಜೊತೆ ಇನ್ನೊಂದು ಭಯ: ಆಪರೇಷನ್ ಆದರೆ ಹೊಟ್ಟೆಗೆ ಚೀಲ ಕಟ್ಟುತ್ತಾರೆ ಅನ್ನುವುದು. ಕೆಲವರಿಗೆ ಹಾಗೆ ಕಟ್ಟಬೇಕಾಗುತ್ತದೆ, ಅದು ನಿಜ. ಬೇಗ ಸಿಕ್ಕಿದಷ್ಟೂ ಅದರ ಅಗತ್ಯ ಕಡಿಮೆ ಅನ್ನುವುದೂ ನಿಜ. ಚೀಲಕ್ಕೆ ಹೆದರಿ ತಡಮಾಡಿದವರೇ ಚೀಲದ ಹತ್ತಿರ ಹೋಗುತ್ತಾರೆ. ಇನ್ನು ಚೀಲ ಕಟ್ಟಿಕೊಂಡು ಹೊಲಕ್ಕೆ, ಆಫೀಸಿಗೆ ಹೋಗಿ ಬಾಳುವವರು ಲೋಕದಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಅವರನ್ನು ಅಸಹ್ಯವಾಗಿ ನೋಡುವ ಕಣ್ಣು ನಮ್ಮದಾದರೆ ನಾಚಿಕೆಪಡಬೇಕಾದವರು ನಾವು.

ಸರ್ಕಾರದ ಮಾತಿಗೆ ಬರೋಣ. ಕೇಂದ್ರ ಸರ್ಕಾರ 2016ರಲ್ಲಿ ಮೂವತ್ತು ದಾಟಿದವರಿಗೆ ಕ್ಯಾನ್ಸರ್ ತಪಾಸಣೆಯ ಕ್ರಮ ಗೊತ್ತುಮಾಡಿತು. ಬಾಯಿ, ಸ್ತನ, ಗರ್ಭಕೊರಳು, ಈ ಮೂರು ಅದರಲ್ಲಿವೆ. ಕರುಳು ಇಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಷ್ಟು ಹೆಚ್ಚಿಲ್ಲ. ಕೊಳವೆ ಹಾಕಿ ನೋಡುವ ವೈದ್ಯರೂ ಯಂತ್ರಗಳೂ ಎಲ್ಲರಿಗೂ ಸಾಲುವಷ್ಟಿಲ್ಲ. ಹಾಗಾಗಿ ಆಶಾ ಅಕ್ಕನವರು ಮನೆ ಬಾಗಿಲಿಗೆ ಆ ಡಬ್ಬಿ ತರುವ ಕಾಲ ಇನ್ನೂ ಬಂದಿಲ್ಲ. ಅದು ಬರುವವರೆಗೆ ನಮ್ಮ ಕೈಯಲ್ಲಿರುವುದು ದೇಹ ತಾನೇ ಕೊಡುವ ಸೂಚನೆಯನ್ನು ಮುಚ್ಚಿಡದಿರುವುದು. ಮಲದಲ್ಲಿ ರಕ್ತ, ಮೂರ್ನಾಲ್ಕು ವಾರವಾದರೂ ಸರಿಹೋಗದ ಭೇದಿ ಅಥವಾ ಮಲಬದ್ಧತೆ, ಕಾರಣವಿಲ್ಲದೆ ತೂಕ ಇಳಿಯುವುದು, ಕಾರಣ ಗೊತ್ತಾಗದ ರಕ್ತಹೀನತೆ. ಇವುಗಳಲ್ಲಿ ಒಂದು ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮುಂದೆ ಮುಸುಕಿಲ್ಲದ ಮಾತಿನಲ್ಲಿ ಹೇಳಬೇಕು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಸೂಚನೆ ಇಲ್ಲದಿದ್ದರೂ ಹೇಳಬೇಕು.

"ಹೇಳಿ ಏನು ಮಾಡೋದು, ದುಡ್ಡೆಲ್ಲಿ?" ಅನ್ನುವ ಮಾತು ಬರುತ್ತದೆ. ಅದು ನ್ಯಾಯವಾದ ಪ್ರಶ್ನೆ. 2007ರಲ್ಲಿ ಆರೋಗ್ಯಶ್ರೀ ಮೊದಲು ಶುರುವಾದ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಈಗ ಎನ್‌ಟಿಆರ್ ವೈದ್ಯ ಸೇವೆ ಎಂಬ ಹೆಸರಿನಲ್ಲಿರುವ ಆ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ. ಹಿಂದೂಪುರದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದೆ. ನಮ್ಮ ಸೀಮೆಯವರು ಎಷ್ಟೋ ವರ್ಷದಿಂದ ಅಲ್ಲಿಗೆ ಹೋಗಿಬರುತ್ತಿದ್ದಾರೆ. ಹೋಗಿಬರುವ ಬಸ್ಸಿನ ಖರ್ಚು, ತಪ್ಪಿದ ಕೂಲಿ, ಜೊತೆಗಿರುವವರ ಊಟ ಇವೆಲ್ಲ ಯಾವ ಯೋಜನೆಯಲ್ಲೂ ಪೂರ್ತಿ ಸಿಗುವುದಿಲ್ಲ. ಆದರೆ ತಡವಾದ ಕಾಯಿಲೆಗೆ ಆಗುವ ಖರ್ಚು ಇದಕ್ಕಿಂತ ಹೆಚ್ಚು ಅನ್ನುವುದನ್ನು ಹೊಲ ಮಾರಿದ ಮನೆಗಳು ಬಲ್ಲವು.

ಮಾತು ತೆರೆಯುವುದು ಯಾರಿಂದ ಶುರುವಾಗಬೇಕು? ಅಮೆರಿಕದಲ್ಲಿ ಕೇಟೀ ಕೌರಿಕ್ ಎಂಬ ಟೀವಿ ವಾರ್ತೆಯ ಹೆಣ್ಣುಮಗಳಿದ್ದಾರೆ. ಅವರ ಗಂಡ 1998ರಲ್ಲಿ ನಲವತ್ತೆರಡನೇ ವಯಸ್ಸಿಗೇ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. 2000ದ ಮಾರ್ಚಿನಲ್ಲಿ ಆಕೆ ತನ್ನ ಕರುಳಿನ ಪರೀಕ್ಷೆಯನ್ನೇ ಟೀವಿಯಲ್ಲಿ ತೋರಿಸಿದರು. ಆಮೇಲೆ ಅಲ್ಲಿ ಆ ಪರೀಕ್ಷೆ ಮಾಡಿಸಿಕೊಳ್ಳುವವರ ಸಂಖ್ಯೆ ಸುಮಾರು ಐದನೇ ಒಂದು ಪಾಲಿನಷ್ಟು ಏರಿತು. ದಿನವೂ ಕಾಣುವ ಮುಖವೊಂದು ನಾಚಿಕೆ ಬಿಟ್ಟು ಮಾತಾಡಿತು ಅನ್ನುವುದೇ ಅದಕ್ಕೆ ಕಾರಣ. ನಮಗೆ ಟೀವಿ ಬೇಕಾಗಿಲ್ಲ. ಊರಿನಲ್ಲಿ ದಿನವೂ ಕಾಣುವ ಮುಖಗಳು ಬೇಕಾದಷ್ಟಿವೆ: ಮೇಷ್ಟ್ರು, ಅಂಗನವಾಡಿ ಅಕ್ಕ, ಹಾಲಿನ ಡೈರಿಯವರು, ಸಂಘದ ಹೆಣ್ಣುಮಕ್ಕಳು.

ಮೇಷ್ಟ್ರುಗಳಿಗೆ ಒಂದು ಮಾತು. ವಿಜ್ಞಾನದಲ್ಲಿ ಜೀರ್ಣಾಂಗಗಳ ಪಾಠ ಬಾಯಿಯಿಂದ ಶುರುವಾಗುತ್ತದೆ. ಜಠರದವರೆಗೆ ಚೆನ್ನಾಗಿ ನಡೆಯುತ್ತದೆ. ದೊಡ್ಡ ಕರುಳು ಬಂತು ಅಂದರೆ ಹಿಂದಿನ ಬೆಂಚಿನವರು ಕಿಸಕ್ಕೆಂದು ನಗುತ್ತಾರೆ. ಪಾಠ ಬೇಗ ಮುಗಿಯುತ್ತದೆ. ಆ ನಗು ನಿಲ್ಲುವವರೆಗೆ ಕಾದು, ಅದರ ಕೆಲಸವನ್ನೂ ಕಾಯಿಲೆಯನ್ನೂ ಹೃದಯದ ಬಗ್ಗೆ ಹೇಳಿದ ಹಾಗೇ ಹೇಳಿದರೆ, ಆ ಮಕ್ಕಳಲ್ಲಿ ಒಬ್ಬಿಬ್ಬರಾದರೂ ಮನೆಗೆ ಹೋಗಿ ಅಜ್ಜಿಯನ್ನು ಒಂದು ಪ್ರಶ್ನೆ ಕೇಳುತ್ತಾರೆ.

ಉಳಿದ ನಮಗೆಲ್ಲ ಇರುವ ಕೆಲಸ ಕೇಳಿಸಿಕೊಳ್ಳುವುದು. ಯಾರನ್ನೂ ಬಲವಂತವಾಗಿ ಆಸ್ಪತ್ರೆಗೆ ಎಳೆದುಕೊಂಡು ಹೋಗುವ ಹಕ್ಕು ನಮಗಿಲ್ಲ. ಆದರೆ ಒಬ್ಬರು ಬಾಯಿ ಬಿಟ್ಟಾಗ ನಗದೆ, "ಉಷ್ಣ" ಅಂತ ತಳ್ಳಿಹಾಕದೆ, ಅದನ್ನು ಕಟ್ಟೆಯ ಮೇಲೆ ಹಂಚದೆ, "ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗೋಣ, ನಾನೂ ಬರ್ತೀನಿ" ಅನ್ನಬಹುದು. ಗಂಡ ಹೆಂಡತಿಗೆ, ಮಗ ಅಪ್ಪನಿಗೆ, ಸೊಸೆ ಅತ್ತೆಗೆ ಹೀಗೆ ಅನ್ನಬಹುದು. ಮುಚ್ಚಿಟ್ಟವರನ್ನು ಬೈಯುವ ಮೊದಲು, ನಮ್ಮ ಮನೆಯಲ್ಲಿ ಈ ಮಾತು ಆಡಲು ಯಾರಿಗಾದರೂ ಧೈರ್ಯ ಬರುತ್ತದೆಯಾ ಅಂತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಇಲ್ಲ ಅನ್ನಿಸಿದರೆ, ನಾವೇ ಮೊದಲು ಕೇಳಬೇಕು.